ಹ್ಯಾಪ್ಟಿಕ್ ಸಾಧನಗಳಿಗೆ ದೇಹದ ಪ್ರತಿಕ್ರಿಯೆ

ಹ್ಯಾಪ್ಟಿಕ್ ಸಾಧನ ಎಂದರೆ ಗಣಕಯಂತ್ರವು ಸೃಷ್ಟಿಸಿದ ಮಿಥ್ಯಾ ಪರಿಸರದಲ್ಲಿರುವ ವಸ್ತುವನ್ನು ಮುಟ್ಟಿದ, ಒತ್ತಿದ ಅಥವಾ ಎತ್ತಿದ ಅನುಭವವನ್ನು ಬಳಕೆದಾರರ ಕೈಗೆ ಇಲ್ಲವೇ ಮೈಗೆ ಒದಗಿಸುವ ಯಂತ್ರ. ಮೊಬೈಲ್ ಫೋನಿನ ಕಂಪನದಿಂದ ಹಿಡಿದು ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿ ಬಳಸುವ ಯಂತ್ರತೋಳಿನವರೆಗೆ ಇವುಗಳ ವ್ಯಾಪ್ತಿ ಇದೆ. ಇಂಥ ಸಾಧನವನ್ನು ಹಿಡಿದಾಗ ಚರ್ಮ, ಸ್ನಾಯು, ಕೀಲು ಮತ್ತು ನರಮಂಡಲ ಹೇಗೆ ಸ್ಪಂದಿಸುತ್ತವೆ, ಇಲ್ಲದ ವಸ್ತುವನ್ನು ಮೆದುಳು ಇದೆಯೆಂದು ಯಾವಾಗ ಒಪ್ಪಿಕೊಳ್ಳುತ್ತದೆ ಎಂಬುದು ಶರೀರವಿಜ್ಞಾನ, ಮನೋವಿಜ್ಞಾನ ಮತ್ತು ಎಂಜಿನಿಯರಿಂಗ್ ಮೂರೂ ಕೂಡುವ ಅಧ್ಯಯನ ವಿಷಯವಾಗಿದೆ. ಕರ್ನಾಟಕದ ಮಟ್ಟಿಗೆ ಈ ವಿಷಯವು ಬೆಂಗಳೂರಿನ ಸಂಶೋಧನಾ ಸಂಸ್ಥೆಗಳೊಂದಿಗೆ ಹಾಗೂ ತುಂಗಭದ್ರಾ ದಂಡೆಯ ಹಂಪಿ-ಆನೆಗೊಂದಿ ಪರಂಪರೆಯ ಡಿಜಿಟಲ್ ದಾಖಲೀಕರಣದೊಂದಿಗೆ ಸಂಬಂಧ ಹೊಂದಿದೆ.

ಪದದ ಮೂಲ

'ಹ್ಯಾಪ್ಟಿಕ್' ಎಂಬುದು ಮುಟ್ಟುವುದು, ಹಿಡಿಯುವುದು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಪದ. ದೃಷ್ಟಿಗೆ ದೃಗ್ವಿಜ್ಞಾನ ಇರುವಂತೆ ಸ್ಪರ್ಶಕ್ಕೂ ಒಂದು ಶಾಸ್ತ್ರ ಬೇಕೆಂದು ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ಡೆಸ್ವಾರ್ 1892ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ಕನ್ನಡದಲ್ಲಿ ಸ್ಪರ್ಶ ತಂತ್ರಜ್ಞಾನ, ಸ್ಪರ್ಶಾನುಭವ ತಂತ್ರಜ್ಞಾನ ಎಂಬ ರೂಪಗಳು ಬಳಕೆಯಲ್ಲಿವೆ. ಆದರೆ ಹ್ಯಾಪ್ಟಿಕ್ಸ್‌ನಲ್ಲಿ ಚರ್ಮದ ಸ್ಪರ್ಶದ ಜೊತೆಗೆ ಸ್ನಾಯು ಮತ್ತು ಕೀಲುಗಳ ಮೂಲಕ ತಿಳಿಯುವ ಭಾರ, ಬಲ ಮತ್ತು ಚಲನೆಯ ಅರಿವೂ ಸೇರುವುದರಿಂದ 'ಸ್ಪರ್ಶ' ಎಂಬ ಪದ ಇದನ್ನು ಪೂರ್ತಿಯಾಗಿ ಹಿಡಿಯುವುದಿಲ್ಲ.

ದೇಹದ ಗ್ರಹಣ ವ್ಯವಸ್ಥೆ

ಅಂಗೈ ಮತ್ತು ಬೆರಳುಗಳ ಒಳಭಾಗದ ಕೂದಲಿಲ್ಲದ ಚರ್ಮದಲ್ಲಿ ನಾಲ್ಕು ಬಗೆಯ ಯಾಂತ್ರಿಕ ಗ್ರಾಹಕಗಳಿವೆ. ಒಂದು ಕೈಯಲ್ಲಿ ಇವುಗಳಿಗೆ ಸಂಬಂಧಿಸಿದ ಸುಮಾರು 17,000 ನರತಂತುಗಳಿವೆ ಎಂದು ಸ್ವೀಡನ್ನಿನ ಸಂಶೋಧಕರಾದ ಯೋಹಾನ್ಸನ್ ಮತ್ತು ವಾಲ್ಬೊ 1979ರಲ್ಲಿ ಅಂದಾಜಿಸಿದರು. ಮರ್ಕೆಲ್ ಗ್ರಾಹಕಗಳು ಒತ್ತಡ ಮುಂದುವರಿಯುವವರೆಗೂ ಸಂಕೇತ ಕಳಿಸುತ್ತಿರುತ್ತವೆ. ಅಂಚು, ಮೂಲೆ, ಬ್ರೈಲ್ ಚುಕ್ಕಿಯಂಥ ಸೂಕ್ಷ್ಮ ಆಕಾರಗಳು ತಿಳಿಯುವುದು ಇವುಗಳಿಂದ. ಮೈಸ್ನರ್ ಗ್ರಾಹಕಗಳು ಸ್ಪರ್ಶದ ಆರಂಭಕ್ಕೂ ಕೊನೆಗೂ ಮಾತ್ರ ಮಿಡಿಯುತ್ತವೆ, ಕೈಯಿಂದ ವಸ್ತು ಜಾರುವಾಗ ಮೊದಲು ಎಚ್ಚರಿಸುವುದು ಇವೇ. ರುಫಿನಿ ಗ್ರಾಹಕಗಳು ಚರ್ಮದ ಎಳೆತವನ್ನು ಗುರುತಿಸುತ್ತವೆ.

ನಾಲ್ಕನೆಯದಾದ ಪಚಿನಿ ಗ್ರಾಹಕವು ಹ್ಯಾಪ್ಟಿಕ್ ಸಾಧನಗಳ ದೃಷ್ಟಿಯಿಂದ ಅತಿ ಮುಖ್ಯವಾದುದು. ಚರ್ಮದ ಆಳದಲ್ಲಿ ಈರುಳ್ಳಿಯಂತೆ ಪದರಪದರವಾಗಿರುವ ಇದು ಸೆಕೆಂಡಿಗೆ 200ರಿಂದ 300 ಸಲ ಕಂಪಿಸುವ ಚಲನೆಗೆ ಅತ್ಯಂತ ಸೂಕ್ಷ್ಮವಾಗಿದ್ದು, ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಸಣ್ಣ ಅಲುಗಾಟವನ್ನೂ ಗ್ರಹಿಸಬಲ್ಲದು. ಫೋನ್ ಮತ್ತು ಆಟದ ನಿಯಂತ್ರಕಗಳ ಕಂಪನವನ್ನು ಬಹುಮಟ್ಟಿಗೆ ಇದರ ಆಸುಪಾಸಿನ ಆವೃತ್ತಿಗಳಲ್ಲಿಯೇ ರೂಪಿಸಲಾಗುತ್ತದೆ. ಸಣ್ಣ ಮೋಟಾರು, ಅಲ್ಪ ವಿದ್ಯುತ್ತು, ಆದರೂ ಇಡೀ ಕೈಗೆ ತಿಳಿಯುವ ಸೂಚನೆ ಸಾಧ್ಯವಾಗಿರುವುದು ಈ ಗ್ರಾಹಕದಿಂದ.

ಚರ್ಮದ ಕೆಳಗೆ ಸ್ನಾಯುಗಳಲ್ಲಿರುವ ತರ್ಕುಗಳು ಸ್ನಾಯುವಿನ ಉದ್ದವನ್ನೂ, ಸ್ನಾಯುರಜ್ಜುಗಳಲ್ಲಿರುವ ಗಾಲ್ಜಿ ಅಂಗಗಳು ಅದರ ಮೇಲಿನ ಎಳೆತವನ್ನೂ ಅಳೆಯುತ್ತವೆ. ಕಣ್ಣು ಮುಚ್ಚಿದಾಗಲೂ ಕೈ ಎಲ್ಲಿದೆ ಎಂದು ತಿಳಿಯುವುದು ಇವುಗಳ ನೆರವಿನಿಂದ. ಒತ್ತಡವನ್ನು ನರಸಂಕೇತವಾಗಿ ಬದಲಿಸುವ ಪಿಯೆಝೊ ಪ್ರೋಟೀನುಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಪೂಟಿಯನ್ ಅವರು ಡೇವಿಡ್ ಜೂಲಿಯಸ್ ಅವರೊಂದಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಅರಿವಿನ ಮಿತಿಗಳು

ಸ್ಪರ್ಶದ ಅಳತೆ ಆರಂಭವಾದುದು 1834ರಲ್ಲಿ, ಜರ್ಮನಿಯ ಅರ್ನ್ಸ್ಟ್ ವೆಬರ್ ನಡೆಸಿದ ಪ್ರಯೋಗಗಳಿಂದ. ಎರಡು ಮೊನೆಗಳನ್ನು ಒಟ್ಟಿಗೆ ಚುಚ್ಚಿದಾಗ ಅವು ಎರಡೆಂದು ತಿಳಿಯಲು ಬೆರಳ ತುದಿಯಲ್ಲಿ 2-3 ಮಿಲಿಮೀಟರ್ ಅಂತರ ಸಾಕಾಗುತ್ತದೆ, ಬೆನ್ನಿನ ಮೇಲೆ ಸುಮಾರು 40 ಮಿಲಿಮೀಟರ್ ಬೇಕಾಗುತ್ತದೆ. ಬೆರಳಿಗೆ ತೊಡಿಸುವ ಸಾಧನ ನವಿರಾಗಿರಬೇಕಾಗಿದ್ದು, ಮೈಗೆ ತೊಡುವ ಕಂಪನದ ಅಂಗಿಯಲ್ಲಿ ಮೋಟಾರುಗಳು ದೂರದೂರ ಇದ್ದರೂ ನಡೆಯುವುದು ಈ ಕಾರಣಕ್ಕೆ.

ಬಲದ ವಿಷಯದಲ್ಲಿ ಮನುಷ್ಯನ ಕೈ ಸುಮಾರು ಶೇ. 7ರಷ್ಟು ವ್ಯತ್ಯಾಸವನ್ನು ಗುರುತಿಸುತ್ತದೆ. ಬೆರಳ ಕೀಲು ಸುಮಾರು 2.5 ಡಿಗ್ರಿ, ಮಣಿಕಟ್ಟು ಮತ್ತು ಮೊಣಕೈ 2 ಡಿಗ್ರಿ, ಭುಜ 0.8 ಡಿಗ್ರಿಯಷ್ಟು ಬಾಗಿದರೆ ಅದು ನಮ್ಮ ಅರಿವಿಗೆ ಬರುತ್ತದೆ. ಬೆರಳಿಗಿಂತ ಭುಜ ಚುರುಕು ಎಂಬುದು ವಿಚಿತ್ರವಾಗಿ ಕಂಡರೂ ಕಾರಣ ಸರಳವಾಗಿದೆ. ಭುಜ ತುಸು ತಪ್ಪಿದರೂ ಕೈಯ ತುದಿ ಬಹಳ ದೂರ ಸರಿದುಬಿಡುತ್ತದೆ.

ಕೈ ಹೊರಡಿಸುವುದಕ್ಕಿಂತ ಗ್ರಹಿಸುವುದೇ ಬಹಳ ವೇಗ. ಬೇಕೆಂದೇ ಬೆರಳಾಡಿಸಿದರೆ ಸೆಕೆಂಡಿಗೆ ಹತ್ತು ಸಲವನ್ನು ದಾಟುವುದು ಕಷ್ಟ, ಆದರೆ ಅದೇ ಬೆರಳು ಸೆಕೆಂಡಿಗೆ ಸುಮಾರು 1,000ದವರೆಗಿನ ಕಂಪನವನ್ನು ತಿಳಿಯುತ್ತದೆ. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚೌಕಟ್ಟು ಸಾಕಾದರೆ, ಹ್ಯಾಪ್ಟಿಕ್ ಸಾಧನವು ಬಲವನ್ನು ಸೆಕೆಂಡಿಗೆ ಸುಮಾರು 1,000 ಬಾರಿ ಲೆಕ್ಕಹಾಕಬೇಕಾಗುತ್ತದೆ. ಲೆಕ್ಕ ತಡವಾದಲ್ಲಿ ಬೆರಳು ಮಿಥ್ಯಾ ಗೋಡೆಯೊಳಗೆ ನುಗ್ಗಿದ ಮೇಲೆ ಯಂತ್ರ ತಡೆಯುತ್ತದೆ, ಬೆರಳು ಹಿಂದೆ ಸರಿದ ಮೇಲೂ ತಳ್ಳುತ್ತಿರುತ್ತದೆ. ಆಗ ಕಲ್ಲಿನಂತಿರಬೇಕಾದ ಗೋಡೆ ಕೈಯಲ್ಲಿ ಗುಂಯ್‌ಗುಡುತ್ತದೆ ಅಥವಾ ಮೆತ್ತಗಾದಂತೆ ಭಾಸವಾಗುತ್ತದೆ.

ಸಾಧನಗಳ ಬೆಳವಣಿಗೆ

ಬಲವನ್ನು ಕೈಗೆ ಮರಳಿಸುವ ಮೊದಲ ಯಂತ್ರಗಳು ಪರಮಾಣು ಸಂಶೋಧನೆಯಿಂದ ಬಂದವು. ವಿಕಿರಣಶೀಲ ವಸ್ತುಗಳನ್ನು ಗೋಡೆಯಾಚೆಯಿಂದ ನಿರ್ವಹಿಸಲು ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ 1940 ಮತ್ತು 50ರ ದಶಕಗಳಲ್ಲಿ ಜೋಡಿ ಯಂತ್ರತೋಳುಗಳನ್ನು ರೂಪಿಸಿದನು. ಗಣಕಯಂತ್ರದೊಳಗಿನ ವಸ್ತುವನ್ನು ಮುಟ್ಟುವ ಕಲ್ಪನೆಯನ್ನು ಐವನ್ ಸದರ್ಲೆಂಡ್ 1965ರ ಲೇಖನವೊಂದರಲ್ಲಿ ಮುಂದಿಟ್ಟನು. 1967ರಲ್ಲಿ ಉತ್ತರ ಕೆರೊಲಿನ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ರೂಕ್ಸ್ ಆರಂಭಿಸಿದ ಗ್ರೋಪ್ ಯೋಜನೆಯು ಅಣುಗಳ ನಡುವಿನ ಸೆಳೆತವನ್ನು ಕೈಗೆ ತಿಳಿಸಲು ಯತ್ನಿಸಿ, ಗಣಕಶಕ್ತಿ ಸಾಲದೆ ಹಲವು ವರ್ಷ ಕಾಯಬೇಕಾಯಿತು. 1990ರ ದಶಕದ ಆರಂಭದಲ್ಲಿ ಎಂ.ಐ.ಟಿ.ಯ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸ್ಯಾಲಿಸ್ಬರಿ ನಿರ್ಮಿಸಿದ, ಮೇಜಿನ ಮೇಲಿಡುವ 'ಫ್ಯಾಂಟಮ್' ತೋಳು ಈ ಕ್ಷೇತ್ರವನ್ನು ಪ್ರಯೋಗಾಲಯಗಳಲ್ಲಿ ಸಾಮಾನ್ಯಗೊಳಿಸಿತು. ಜನಸಾಮಾನ್ಯರ ಕೈಗೆ ಇದು ತಲುಪಿದ್ದು 1997ರ ನಂತರ, ನಿಂಟೆಂಡೊ ಮತ್ತು ಸೋನಿ ಆಟದ ನಿಯಂತ್ರಕಗಳ ಕಂಪನದ ಮೂಲಕ. ನಂತರದ ವರ್ಷಗಳಲ್ಲಿ ಕೈಗವಸು, ಅಂಗಿ, ಗಾಳಿಯಲ್ಲಿಯೇ ಅಂಗೈಗೆ ತಾಗುವ ಶ್ರವಣಾತೀತ ಧ್ವನಿಯ ಸಾಧನಗಳೂ ಬಂದಿವೆ.

ಕಣ್ಣು ಮತ್ತು ಕೈಯ ವ್ಯಾಜ್ಯ

ಮಿಥ್ಯಾ ಪರಿಸರದಲ್ಲಿ ಕಣ್ಣು ಒಂದು ಹೇಳಿ ಕೈ ಇನ್ನೊಂದು ಹೇಳಿದರೆ ಮೆದುಳು ಯಾವುದನ್ನು ನಂಬುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಿದವರಲ್ಲಿ ಮಂಡಯಂ ಎ. ಶ್ರೀನಿವಾಸನ್ ಪ್ರಮುಖರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ಓದಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರು ಎಂ.ಐ.ಟಿ.ಯಲ್ಲಿ 'ಟಚ್ ಲ್ಯಾಬ್' ಎಂದೇ ಹೆಸರಾದ ಪ್ರಯೋಗಾಲಯವನ್ನು ಸ್ಥಾಪಿಸಿದರು. ಹ್ಯಾಪ್ಟಿಕ್ಸ್ ಅನ್ನು ಮಾನವ, ಯಂತ್ರ ಮತ್ತು ಗಣಕ ಹ್ಯಾಪ್ಟಿಕ್ಸ್ ಎಂದು ಮೂರಾಗಿ ವಿಂಗಡಿಸುವ, ಈಗ ಪಠ್ಯಗಳಲ್ಲಿ ರೂಢಿಯಾಗಿರುವ ಕ್ರಮವು ಅವರ ತಂಡದ ಬರಹಗಳಿಂದ ಪ್ರಚಾರಕ್ಕೆ ಬಂದಿತು.

1996ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಭಾಗವಹಿಸಿದವರು ಎರಡು ಮಿಥ್ಯಾ ಸ್ಪ್ರಿಂಗುಗಳನ್ನು ಒತ್ತಿ, ಯಾವುದು ಹೆಚ್ಚು ಗಡಸು ಎಂದು ಹೇಳಬೇಕಿತ್ತು. ಕೈಗೆ ತಾಗುವ ಬಲವನ್ನು ಸರಿಯಾಗಿಯೇ ಇರಿಸಿ, ಪರದೆಯ ಮೇಲೆ ಸ್ಪ್ರಿಂಗು ಕುಗ್ಗುವ ಚಿತ್ರವನ್ನು ಮಾತ್ರ ಹಂತಹಂತವಾಗಿ ಬದಲಿಸಲಾಯಿತು. ಚಿತ್ರವು ಪೂರ್ತಿ ಅದಲುಬದಲಾದಾಗ ಹೆಚ್ಚಿನವರು ಮೆತ್ತಗಿನ ಸ್ಪ್ರಿಂಗನ್ನೇ ಗಡಸು ಎಂದರು. ಕೈ ಎಷ್ಟು ಸರಿದಿದೆ ಎಂಬ ವಿಷಯದಲ್ಲಿ ಮೆದುಳು ಕೀಲುಗಳ ಮಾತನ್ನು ಬದಿಗಿಟ್ಟು ಕಣ್ಣಿನ ಮಾತನ್ನು ನಂಬಿತ್ತು. ಈ ಫಲಿತಾಂಶವು ವಿನ್ಯಾಸಕಾರರಿಗೆ ಒಂದು ಅನುಕೂಲವನ್ನೂ ಒದಗಿಸಿತು. ದುರ್ಬಲ ಮೋಟಾರಿನ ಅಗ್ಗದ ಸಾಧನದಿಂದಲೂ, ಚಿತ್ರವನ್ನು ಜಾಣತನದಿಂದ ತೋರಿಸಿದರೆ, ಗಟ್ಟಿ ವಸ್ತುವಿನ ಅನುಭವ ಕೊಡಬಹುದು.

ಹಾಗೆಂದು ಕಣ್ಣಿಗೆ ಯಾವಾಗಲೂ ಮೇಲುಗೈ ಇರುವುದಿಲ್ಲ. ಮಾರ್ಕ್ ಅರ್ನ್ಸ್ಟ್ ಮತ್ತು ಮಾರ್ಟಿನ್ ಬ್ಯಾಂಕ್ಸ್ 2002ರಲ್ಲಿ ತೋರಿಸಿದಂತೆ, ಮೆದುಳು ಎರಡೂ ಇಂದ್ರಿಯಗಳ ಮಾಹಿತಿಯನ್ನು ಅವುಗಳ ನಂಬಲರ್ಹತೆಗೆ ತಕ್ಕಂತೆ ತೂಗುತ್ತದೆ. ಚಿತ್ರವನ್ನು ಮಸುಕುಗೊಳಿಸುತ್ತ ಹೋದಂತೆ ಕೈಯ ಮಾತಿಗೆ ತೂಕ ಹೆಚ್ಚುತ್ತದೆ.

ಅನೈಚ್ಛಿಕ ಪ್ರತಿಕ್ರಿಯೆಗಳು

ಬಳಕೆದಾರರನ್ನು 'ನಿಜವೆನಿಸಿತೇ' ಎಂದು ಕೇಳುವುದಕ್ಕಿಂತ ಅವರ ದೇಹವನ್ನೇ ಕೇಳುವುದು ಹೆಚ್ಚು ವಿಶ್ವಾಸಾರ್ಹ ಎಂಬ ನಿಲುವಿನಿಂದ ಹಲವು ಅಧ್ಯಯನಗಳು ನಡೆದಿವೆ. ಉತ್ತರ ಕೆರೊಲಿನ ವಿಶ್ವವಿದ್ಯಾಲಯದ 'ಗುಂಡಿ ಕೋಣೆ' ಪ್ರಯೋಗ ಇವುಗಳಲ್ಲಿ ಪ್ರಸಿದ್ಧವಾದುದು. ತಲೆಗೆ ಪರದೆ ಧರಿಸಿದವರು ನಡೆಯುತ್ತ ಒಂದು ಕೋಣೆಯನ್ನು ಹೊಕ್ಕರೆ, ಅದರ ನಡುವೆ ಸುಮಾರು 6 ಮೀಟರ್ ಆಳದ ಗುಂಡಿ ಕಾಣುತ್ತಿತ್ತು. ನಿಜವಾದ ನೆಲದ ಮೇಲೆ, ಗುಂಡಿಯ ಅಂಚು ಕಾಣುವಲ್ಲಿ, ಸುಮಾರು 4 ಸೆಂಟಿಮೀಟರ್ ಎತ್ತರದ ಮರದ ಹಲಗೆಯೊಂದನ್ನು ಇಡಲಾಗಿತ್ತು. ಅಂಗಾಲಿಗೆ ಹಲಗೆಯ ಅಂಚು ತಾಗಿದವರ ಹೃದಯಬಡಿತವು ಹಲಗೆ ಇಲ್ಲದೆ ನಿಂತವರಿಗಿಂತ ಹೆಚ್ಚು ಏರಿತು, ಚರ್ಮದ ವಿದ್ಯುದ್ವಾಹಕತೆಯೂ, ಎಂದರೆ ಬೆವರಿನ ಪ್ರಮಾಣವೂ, ಹೆಚ್ಚಿತು. 2002ರಲ್ಲಿ ಪ್ರಕಟವಾದ ಈ ಸರಣಿಯಲ್ಲಿ ಹೃದಯಬಡಿತವೇ ಅತ್ಯಂತ ಸ್ಥಿರವಾದ ಅಳತೆಗೋಲೆಂದು ಕಂಡುಬಂದಿತು. ಇಲ್ಲಿ ಬಳಕೆಯಾದ 'ಸಾಧನ' ಮೋಟಾರು ಇಲ್ಲದ ಒಂದು ಮರದ ತುಂಡು ಎಂಬುದು ಗಮನಾರ್ಹ. ಇಂಥದನ್ನು ನಿಷ್ಕ್ರಿಯ ಹ್ಯಾಪ್ಟಿಕ್ಸ್ ಎನ್ನುತ್ತಾರೆ. ಜೇಡದ ಭಯಕ್ಕೆ ಮಿಥ್ಯಾವಾಸ್ತವದಲ್ಲಿ ಚಿಕಿತ್ಸೆ ನೀಡುವಾಗ ರೋಗಿಯ ಕೈಗೆ ಕೂದಲುಳ್ಳ ಆಟಿಕೆ ಜೇಡವನ್ನು ತಾಗಿಸುವ ಕ್ರಮವೂ ಇದೇ ಬಗೆಯದು.

ರಬ್ಬರ್ ಕೈಯ ಭ್ರಮೆ ಎಂದು ಹೆಸರಾದ 1998ರ ಪ್ರಯೋಗದಲ್ಲಿ, ಮರೆಯಾಗಿರಿಸಿದ ನಿಜವಾದ ಕೈಯನ್ನೂ ಕಣ್ಣೆದುರಿನ ರಬ್ಬರ್ ಕೈಯನ್ನೂ ಕುಂಚದಿಂದ ಒಂದೇ ತಾಳದಲ್ಲಿ ಸವರಿದಾಗ, ಸ್ವಲ್ಪ ಹೊತ್ತಿನಲ್ಲಿ ರಬ್ಬರ್ ಕೈಯೇ ತನ್ನದೆಂಬ ಭಾವ ಮೂಡುತ್ತದೆ. ಅದಕ್ಕೆ ಪೆಟ್ಟು ಬೀಳುವಂತೆ ತೋರಿಸಿದರೆ ಬೆವರು ಹೆಚ್ಚುತ್ತದೆ. ಮಿಥ್ಯಾ ಪರಿಸರದ ಚಿತ್ರದ ಕೈಯ ವಿಷಯದಲ್ಲಿಯೂ ಇದೇ ನಡೆಯುತ್ತದೆ. ಕುಂಚದ ತಾಳ ತಪ್ಪಿದರೆ ಮಾತ್ರ ಭ್ರಮೆ ಬಲಗುಂದುತ್ತದೆ.

ಹಿಡಿತದ ಬಲವೂ ಅನೈಚ್ಛಿಕವಾದುದೇ. ಹಿಡಿದ ಲೋಟ ತುಸು ಜಾರಿದರೆ, ನಮಗೆ ಅರಿವಾಗುವ ಮೊದಲೇ, ಸುಮಾರು 70 ಮಿಲಿಸೆಕೆಂಡಿನಲ್ಲಿ ಬೆರಳುಗಳು ಬಿಗಿಯುತ್ತವೆ. ಕೇವಲ ಕಂಪನ ನೀಡುವ ಸಾಧನಗಳು ಈ ಪ್ರತಿವರ್ತನೆಗೆ ಬೇಕಾದ ಚರ್ಮದ ಎಳೆತವನ್ನು ಒದಗಿಸುವುದಿಲ್ಲ. ಇಂಥ ಸಾಧನ ಬಳಸುವವರು ಮಿಥ್ಯಾ ವಸ್ತುವನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿದು ಬೇಗ ದಣಿಯುವುದಕ್ಕೆ ಇದೂ ಒಂದು ಕಾರಣವಾಗಿದೆ.

ಸಾಗರದಾಚೆಯ ಸ್ಪರ್ಶ

29 ಅಕ್ಟೋಬರ್ 2002ರಂದು ಎಂ.ಐ.ಟಿ.ಯಲ್ಲಿದ್ದ ಒಬ್ಬರೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಇನ್ನೊಬ್ಬರೂ ಅಂತರಜಾಲದ ಮೂಲಕ ಒಂದೇ ಮಿಥ್ಯಾ ಪೆಟ್ಟಿಗೆಯನ್ನು ಎರಡು ಬದಿಯಿಂದ ಒತ್ತಿಹಿಡಿದು ಮೇಲೆತ್ತಿದರು. ಒಬ್ಬರು ತಳ್ಳಿದ್ದು ಇನ್ನೊಬ್ಬರ ಕೈಗೆ ತಿಳಿಯುತ್ತಿತ್ತು. ಶ್ರೀನಿವಾಸನ್ ಮತ್ತು ಮೆಲ್ ಸ್ಲೇಟರ್ ಅವರ ತಂಡಗಳು ನಡೆಸಿದ ಈ ಪ್ರಯೋಗದ ದೊಡ್ಡ ಅಡ್ಡಿ ಸಂಕೇತದ ವಿಳಂಬವಾಗಿತ್ತು. ಇದಕ್ಕೂ ಮೊದಲು, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಬ್ಬರು ಕೂಡಿ ಉಂಗುರವೊಂದನ್ನು ತಂತಿಗೆ ತಾಗದಂತೆ ಸಾಗಿಸುವ ಕೆಲಸವನ್ನು ನೀಡಿದಾಗ, ಬಲದ ಅನುಭವ ಇದ್ದ ಜೋಡಿಗಳು ಕೆಲಸವನ್ನು ಚೆನ್ನಾಗಿ ಮಾಡಿದ್ದಲ್ಲದೆ, ಮುಖ ಕಾಣದ ಜೊತೆಗಾರರು ಪಕ್ಕದಲ್ಲಿಯೇ ಇದ್ದಂತೆ ಅನಿಸಿತೆಂದರು.

ಹಂಪಿ ಪರಂಪರೆಯ ಸ್ಪರ್ಶ ಮಾದರಿಗಳು

ವಿಜಯನಗರದ ಅವಶೇಷಗಳು ತುಂಗಭದ್ರೆಯ ಎರಡೂ ದಡಗಳಲ್ಲಿ ಹರಡಿದ್ದು, ಉತ್ತರ ದಡದ ಆನೆಗೊಂದಿಯು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದೆ. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆಯು ಹಂಪಿಯನ್ನು ಕೇಂದ್ರವಾಗಿಟ್ಟುಕೊಂಡಿತ್ತು. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಸೇರಿದಂತೆ ಹಲವು ಸಂಸ್ಥೆಗಳ ಸಂಶೋಧಕರು ಇದರಲ್ಲಿ ತೊಡಗಿದ್ದರು. ಯೋಜನೆಯ ಫಲಿತಗಳನ್ನು ಒಳಗೊಂಡ 'ಡಿಜಿಟಲ್ ಹಂಪಿ' ಎಂಬ ಸಂಪಾದಿತ ಗ್ರಂಥ 2017ರಲ್ಲಿ ಪ್ರಕಟವಾಯಿತು.

ಐಐಟಿ ಬಾಂಬೆಯಲ್ಲಿ ಸುಭಾಸಿಸ್ ಚೌಧುರಿ ಅವರ ತಂಡವು ಪರಂಪರೆಯ ವಸ್ತುಗಳನ್ನು ಮುಟ್ಟಿ ನೋಡುವ ವಿಧಾನವೊಂದನ್ನು ರೂಪಿಸಿ 2012ರಲ್ಲಿ ಪ್ರಕಟಿಸಿತು. ದೃಷ್ಟಿ ಇಲ್ಲದವರೂ ಶಿಲ್ಪಗಳನ್ನು ಅರಿಯುವಂತಾಗಬೇಕು ಎಂಬುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಬಳಕೆದಾರರು ಮುಟ್ಟುತ್ತಿರುವಾಗಲೇ ವಸ್ತುವಿನ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಬಹುದಾಗಿರುವುದು ಇದರ ವೈಶಿಷ್ಟ್ಯ. ದೇವಾಲಯದ ಗೋಪುರವನ್ನು ಯಾರೂ ಕೈಯಿಂದ ಸವರಿ ತಿಳಿಯಲಾರರು, ಆದರೆ ಅಂಗೈ ಅಗಲಕ್ಕೆ ಇಳಿಸಿದರೆ ಅದರ ಒಟ್ಟು ಆಕಾರವೂ, ಮತ್ತೆ ಹಿಗ್ಗಿಸಿದರೆ ಒಂದೊಂದು ಕೆತ್ತನೆಯೂ ಕೈಗೆ ಸಿಗುತ್ತದೆ.

ಈ ಬಗೆಯ ಸಾಧನಕ್ಕೆ ದೇಹದ ಕಡೆಯಿಂದ ಒಂದು ಮಿತಿ ಇದೆ. ಕಣ್ಣು ಕಟ್ಟಿದವರು ಬರಿಗೈಯಿಂದ 100 ಸಾಮಾನ್ಯ ವಸ್ತುಗಳಲ್ಲಿ ಶೇ. 96ರಷ್ಟನ್ನು, ಬಹುತೇಕ 5 ಸೆಕೆಂಡಿನೊಳಗೆ, ಗುರುತಿಸಿದರೆಂದು ಕ್ಲಾಟ್ಸ್ಕಿ ಮತ್ತು ಲೆಡರ್ಮನ್ ಅವರ ತಂಡ 1985ರಲ್ಲಿ ವರದಿ ಮಾಡಿತ್ತು. ಬರಿಗೈ ವಸ್ತುವನ್ನು ಬಳಸಿ ಹಿಡಿಯುತ್ತದೆ, ತೂಗುತ್ತದೆ, ಅಂಚನ್ನು ಹಿಂಬಾಲಿಸುತ್ತದೆ, ಏಕಕಾಲದಲ್ಲಿ ಹತ್ತಾರು ಕಡೆ ತಾಗುತ್ತದೆ. ಲೇಖನಿಯಂಥ ತೋಳಿನ ಹ್ಯಾಪ್ಟಿಕ್ ಸಾಧನದಲ್ಲಾದರೋ ಸಂಪರ್ಕ ಒಂದೇ ಬಿಂದುವಿನಲ್ಲಿ. ಕತ್ತಲೆಯಲ್ಲಿ ಕೋಲಿನ ತುದಿಯಿಂದ ವಿಗ್ರಹವನ್ನು ತಡವಿದಂತೆ, ಬಿಂದುಬಿಂದುವನ್ನು ನೆನಪಿನಲ್ಲಿ ಜೋಡಿಸಿಕೊಂಡು ಆಕಾರ ಕಟ್ಟಬೇಕಾಗುತ್ತದೆ.

ಕೈಕೆಲಸ ಮತ್ತು ಸ್ಪರ್ಶದ ಪಳಗಿಕೆ

ಒಂದೇ ಸಾಧನಕ್ಕೆ ಎಲ್ಲರ ಕೈಯೂ ಒಂದೇ ರೀತಿ ಸ್ಪಂದಿಸುವುದಿಲ್ಲ. ವಯಸ್ಸು, ಚರ್ಮದ ದಪ್ಪ, ಕಸುಬು ಮತ್ತು ಕಾಯಿಲೆ ಅನುಭವವನ್ನು ಬದಲಿಸುತ್ತವೆ. ಬ್ರೈಲ್ ಓದುವವರ ಬೆರಳು ಸೂಕ್ಷ್ಮ ವ್ಯತ್ಯಾಸಗಳನ್ನು ಇತರರಿಗಿಂತ ಚೆನ್ನಾಗಿ ಗ್ರಹಿಸುತ್ತದೆ. ಗುದ್ದಲಿ ಹಿಡಿದು ಜಡ್ಡುಗಟ್ಟಿದ ಅಂಗೈಗೆ ಹಗುರ ಸ್ಪರ್ಶ ಕಡಿಮೆ ತಿಳಿಯುತ್ತದೆ. ಮಧುಮೇಹದಿಂದ ನರ ಹಾನಿಯಾದವರಿಗೆ ಫೋನಿನ ಕಂಪನವೂ ಮಂದವಾಗಬಹುದು. ಹೆಚ್ಚಿನ ಪ್ರಯೋಗಗಳು ವಿಶ್ವವಿದ್ಯಾಲಯದ ಯುವ ವಿದ್ಯಾರ್ಥಿಗಳ ಮೇಲೆ ನಡೆದಿರುವುದರಿಂದ ಮೇಲೆ ಹೇಳಿದ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸುವಾಗ ಎಚ್ಚರ ಅಗತ್ಯ.

ಕೊಪ್ಪಳ ಸೀಮೆಯ ಕಸುಬುಗಳು ಈ ಪಳಗಿಕೆಗೆ ಒಳ್ಳೆಯ ನಿದರ್ಶನಗಳು. ಕೊಪ್ಪಳ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಯ ಮೇಲೆ ಹುಣಸೆ ಬೀಜದ ಅಂಟು ಬೆರೆಸಿದ ಲೇಪವನ್ನು ಬಳಿದು, ಕಲ್ಲಿನ ಪುಡಿಯ ಸರಿಯಿಂದ ಉಬ್ಬು ಆಭರಣಗಳನ್ನು ಎಳೆಯುತ್ತಾರೆ. ಬೆರಳನ್ನು ಮೇಲ್ಮೈಯ ಮೇಲೆ ಸರಿಸಿದಾಗ ಮಾತ್ರ ನುಣುಪು ತಿಳಿಯುತ್ತದೆ, ಇಟ್ಟ ಬೆರಳಿಗೆ ತಿಳಿಯದು. ಜೆ. ಜೆ. ಗಿಬ್ಸನ್ 1962ರಲ್ಲಿ ಸಕ್ರಿಯ ಸ್ಪರ್ಶ ಎಂದು ಕರೆದದ್ದು ಇದನ್ನೇ. ಕುಷ್ಟಗಿ ಮೊದಲಾದ ಕಡೆ ಹೆಸರಾದ ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಬಲದ ಅಂದಾಜೇ ಮುಖ್ಯ. ಹತ್ತಿಯ 'ಕ್ರಾಸಿಂಗ್' ಕೆಲಸದಲ್ಲಿ ಮೊಗ್ಗಿನ ಕೇಸರಗಳನ್ನು ಹೆಬ್ಬೆರಳಿನ ಉಗುರಿನಿಂದ, ಒಳಗಿನ ಅಂಡಾಶಯಕ್ಕೆ ಗಾಯವಾಗದಂತೆ, ಬಿಡಿಸಿ ತೆಗೆಯಬೇಕು. ಒತ್ತು ಹೆಚ್ಚಾದರೆ ಕಾಯಿ ಕಟ್ಟದು, ಕೇಸರ ಉಳಿದರೆ ಬೀಜದ ಶುದ್ಧತೆ ಕೆಡುತ್ತದೆ. ಕನ್ನಡದಲ್ಲಿ ಈ ಕ್ರಿಯೆಯ ಮುಂದಿನ ಹಂತಕ್ಕೆ ಪರಾಗಸ್ಪರ್ಶ ಎಂಬ ಹೆಸರೇ ಇದೆ.

ತೊಂದರೆಗಳು

ಕಂಪಿಸುವ ಯಂತ್ರವನ್ನು ವರ್ಷಗಟ್ಟಲೆ ಹಿಡಿದವರ ಬೆರಳುಗಳಲ್ಲಿ ರಕ್ತನಾಳ ಮತ್ತು ನರಗಳು ಹಾಳಾಗಿ, ಚಳಿಯಲ್ಲಿ ಬೆರಳು ಬಿಳಿಚಿಕೊಂಡು ಮರಗಟ್ಟುವ ಕಾಯಿಲೆಯನ್ನು ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಅಮೆರಿಕದ ಸುಣ್ಣಕಲ್ಲು ಗಣಿಗಳಲ್ಲಿ ದಾಖಲಿಸಿದ್ದರು. ಕುಷ್ಟಗಿ ಮತ್ತು ನೆರೆಯ ಇಳಕಲ್ ಭಾಗದಂಥ ಗ್ರಾನೈಟ್ ಪ್ರದೇಶಗಳಲ್ಲಿ ಬಳಸುವ ಕಲ್ಲು ಕೊರೆಯುವ ಯಂತ್ರಗಳು ಈ ಅಪಾಯದ ವರ್ಗಕ್ಕೆ ಸೇರುತ್ತವೆ. ಹ್ಯಾಪ್ಟಿಕ್ ಸಾಧನಗಳ ಕಂಪನ ಅವುಗಳಿಗಿಂತ ಎಷ್ಟೋ ಪಾಲು ದುರ್ಬಲ. ಇವುಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ತಾತ್ಕಾಲಿಕ ಜೋಮು, ಸ್ಪರ್ಶದ ಮಂದತೆ ಮತ್ತು ತೋಳಿನ ದಣಿವು. ಬಾರದ ಕರೆಗೆ ಫೋನು ಕಂಪಿಸಿದಂತೆ ಅನಿಸುವುದು ಇನ್ನೊಂದು ವಿದ್ಯಮಾನವಾಗಿದ್ದು, 2010ರಲ್ಲಿ ಅಮೆರಿಕದ ಆಸ್ಪತ್ರೆಯೊಂದರ ಸಿಬ್ಬಂದಿಯ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 68ರಷ್ಟು ಮಂದಿ ಇದನ್ನು ಅನುಭವಿಸಿದ್ದಾಗಿ ತಿಳಿಸಿದರು. ಮಿಥ್ಯಾವಾಸ್ತವದ ತಲೆಸುತ್ತು, ವಾಕರಿಕೆಗಳು ಮುಖ್ಯವಾಗಿ ಕಣ್ಣು ಮತ್ತು ಒಳಕಿವಿಯ ಹೊಂದಾಣಿಕೆ ತಪ್ಪುವುದರಿಂದ ಉಂಟಾಗುತ್ತವೆ.

ವೈದ್ಯಕೀಯ ತರಬೇತಿ

ಸ್ಪರ್ಶದ ತಪ್ಪಿಗೆ ಅತಿ ಹೆಚ್ಚಿನ ಬೆಲೆ ತೆರಬೇಕಾದ ಕ್ಷೇತ್ರವಿದು. ಕರುಳಿನೊಳಗೆ ಎಂಡೋಸ್ಕೋಪ್ ನಳಿಕೆಯನ್ನು ತಳ್ಳುವಾಗ ಎಷ್ಟು ಬಲ ಸರಿ, ಎಲ್ಲಿ ನಿಲ್ಲಬೇಕು ಎಂಬುದನ್ನು ಕೈಯೇ ಕಲಿಯಬೇಕು. ಹೆಚ್ಚಿನ ಬಲದಿಂದ ಕರುಳು ತೂತಾಗಬಹುದು. ಹಿಂದೆ ಈ ಕಲಿಕೆ ರೋಗಿಗಳ ಮೇಲೆಯೇ ನಡೆಯುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಮಿಮಿಕ್ ಎಂಬ ನವೋದ್ಯಮವು ಎಂಡೋಸ್ಕೋಪಿ ತರಬೇತಿಗೆ ಬಲಾನುಭವ ನೀಡುವ ಸಿಮ್ಯುಲೇಟರನ್ನು ಅಭಿವೃದ್ಧಿಪಡಿಸಿದೆ. ಐಐಟಿ ಮದ್ರಾಸಿನಲ್ಲಿಯೂ ಹ್ಯಾಪ್ಟಿಕ್ಸ್‌ಗಾಗಿಯೇ ಒಂದು ಪ್ರಯೋಗಾಲಯವಿದೆ.

ಕಲಿಕೆಯ ಆರಂಭದ ಹಂತದಲ್ಲಿಯೇ ಬಲದ ಅನುಭವ ಪಡೆದವರು ಮುಂದಿನ ಅಭ್ಯಾಸದಲ್ಲಿ ಮುಂದಿರುತ್ತಾರೆ ಎಂದು 2006ರ ಸ್ವೀಡನ್ನಿನ ಅಧ್ಯಯನವೊಂದು ಸೂಚಿಸಿತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಿಮ್ಯುಲೇಟರಿನ ಅಂಗಾಂಶ ನಿಜಕ್ಕಿಂತ ಗಡಸಾಗಿದ್ದರೆ ಕೈ ತಪ್ಪು ಬಲವನ್ನೇ ರೂಢಿಸಿಕೊಳ್ಳುತ್ತದೆ, ಮೇಲೆ ಹೇಳಿದ ಸ್ಪ್ರಿಂಗಿನ ಪ್ರಯೋಗದಂತೆ ಸುಂದರವಾದ ಚಿತ್ರವು ಆ ತಪ್ಪನ್ನು ಮರೆಮಾಚಲೂಬಹುದು. ರೋಬಾಟ್ ಶಸ್ತ್ರಚಿಕಿತ್ಸೆಯ 'ಡಾ ವಿಂಚಿ' ಯಂತ್ರವು ಎರಡು ದಶಕಗಳ ಕಾಲ ಬಲಾನುಭವವಿಲ್ಲದೆಯೇ ಬಳಕೆಯಲ್ಲಿತ್ತು. ಅಂಗಾಂಶ ಎಷ್ಟು ಬಾಗಿತು, ಎಷ್ಟು ಬಿಳಿಚಿತು ಎಂಬುದನ್ನು ನೋಡಿಯೇ ಶಸ್ತ್ರವೈದ್ಯರು ಬಲವನ್ನು ಊಹಿಸುತ್ತಿದ್ದರು. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದರ ಐದನೆಯ ಮಾದರಿಯಲ್ಲಿ ಬಲವನ್ನು ಕೈಗೆ ತಿಳಿಸುವ ಉಪಕರಣಗಳು ಸೇರಿವೆ.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2020ರ ನಿಯಮಗಳು ಎಂ.ಬಿ.ಬಿ.ಎಸ್. ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯವನ್ನು ಕಡ್ಡಾಯಗೊಳಿಸಿದವು. ಇಂಥ ಪ್ರಯೋಗಾಲಯಗಳಲ್ಲಿ ಬಳಕೆಯಾಗುವ, ಚುಚ್ಚುಮದ್ದು ಕಲಿಸುವ ರಬ್ಬರ್ ತೋಳು ಹಾಗೂ ಎದೆ ಒತ್ತುವ ಅಭ್ಯಾಸದ ಬೊಂಬೆಗಳೂ ನಿಷ್ಕ್ರಿಯ ಹ್ಯಾಪ್ಟಿಕ್ಸ್‌ನ ವರ್ಗಕ್ಕೇ ಸೇರುತ್ತವೆ. ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕೆಂಬ ಅಳತೆ ವಿದ್ಯಾರ್ಥಿಯ ತೋಳು ಮತ್ತು ಭುಜಗಳಿಗೆ ಪರಿಚಯವಾಗುವುದು ಈ ಬೊಂಬೆಯ ಒಳಗಿನ ಸ್ಪ್ರಿಂಗಿನ ಮೂಲಕ.